ಮಲಗಿದ ಅಮ್ಮ ಮತ್ತು ಹನ್ನೆರಡೂವರೆಯ ಸಾರು

ಕಳೆದ ವಾರ ಬೆಲ್ವ್ಯೂವಿನಿಂದ ಸುಷ್ಮಾ ಫೋನ್ ಮಾಡಿದ್ದಳು. ಇನ್ನು ಮುಂದೆ ನನ್ನ ಕೆಲಸ ಅವಳದು. "ಆಂಟಿ, ಮಾಲ್ಟಾದಲ್ಲಿ ನೋಡೋಕೆ ಏನೇನಿದೆ?" ಎಂದು ಕೇಳಿದಳು. ಅಲ್ಲಿನ ನಲ್ಲಿ ನೀರಿನಲ್ಲಿ ತೊಗರಿಬೇಳೆ ಬೇಯುವುದಕ್ಕೆ ಎಷ್ಟು ಹಟ ಮಾಡುತ್ತದೆ, ಹೆಪ್ಪು ಹಾಕಿದ ಹಾಲನ್ನು ಯಾವ ಕಿಟಕಿಯ ಹತ್ತಿರ ಇಟ್ಟರೆ ಮೊಸರು ಗಟ್ಟಿಯಾಗುತ್ತದೆ ಎಂದು ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ನೋಡುವುದಕ್ಕೆ ಏನಿದೆ ಎಂದರೆ ಸ್ವಲ್ಪ ಯೋಚಿಸಬೇಕಾಯಿತು. "ಬರೆದು ಕಳಿಸ್ತೀನಿ ಇರಮ್ಮ" ಎಂದು ಫೋನ್ ಇಟ್ಟೆ. ಅವಳಿಗೆಂದು ಬರೆಯಲು ಕುಳಿತದ್ದು ಇಷ್ಟುದ್ದವಾಯಿತು.

ನಾನು ಟೂರಿನ ಅಡುಗೆಯವಳಾಗಿದ್ದೆ. ನಮ್ಮ ಸಿಯಾಟಲ್ ಕಡೆಯ ಕನ್ನಡದ ಹಿರಿಯರು ಗುಂಪು ಕಟ್ಟಿಕೊಂಡು ಪರದೇಶ ನೋಡಲು ಹೊರಟರೆ ಪಾಸ್‌ಪೋರ್ಟಿನ ಜೊತೆಗೆ ಒಬ್ಬ ಅಡುಗೆಯವಳನ್ನೂ ತೆಗೆದುಕೊಂಡು ಹೋಗುತ್ತಾರೆ. ಎರಡರಲ್ಲಿ ಒಂದನ್ನು ಮರೆತು ಬಂದರೆ ಪಾಸ್‌ಪೋರ್ಟನ್ನೇ ಮರೆಯಲಿ ಎನ್ನುವಷ್ಟು ಮುಖ್ಯ ಈ ಕೆಲಸ. ಅದಕ್ಕೆ ಮೊದಲು ನಾನು ಬಾಥೆಲ್‌ನ ನಾರ್ತ್ ಕ್ರೀಕ್‌ನಲ್ಲಿ ಮನೆ, ಗಂಡ, ಮಗಳು ಎಂದುಕೊಂಡು ಇದ್ದವಳು. ದೇವಸ್ಥಾನದ ಅಡುಗೆಮನೆಯಲ್ಲಿ ಹಬ್ಬಕ್ಕೆ ಕೈ ಜೋಡಿಸುತ್ತಿದ್ದೆ. ಅಲ್ಲಿ ನನ್ನ ಸಾರು ತಿಂದವರೊಬ್ಬರು ಶ್ರೀನಿವಾಸ ರಾಯರಿಗೆ ಹೇಳಿದರು.

ರಾಯರು ಮೈಸೂರಿನವರು. ಇಲ್ಲಿ ವಿಮಾನದ ರೆಕ್ಕೆಗಳ ಲೆಕ್ಕಾಚಾರ ಮಾಡಿ ನಿವೃತ್ತರಾದವರು. ರೆಕ್ಕೆ ಬಿಟ್ಟ ಮೇಲೆ ಅವರ ಲೆಕ್ಕಾಚಾರವೆಲ್ಲ ಟೂರಿನ ಮೇಲೆ ಬಿತ್ತು. ನನ್ನನ್ನು ಬೆಲ್ವ್ಯೂವಿನ ತಮ್ಮ ಮನೆಗೆ ಕರೆಸಿ, ಸೋಫಾದಲ್ಲಿ ಕೂರಿಸಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಪದ್ಮಾವ್ರೇ, ನಿಮ್ಮ ಸಾರು ರಿಪೀಟಬಲ್ಲಾ? ಅಂದ್ರೆ, ಇವತ್ತು ಬಂದ ರುಚಿ ನಾಳೇನೂ ಬರುತ್ತಾ?"

"ಹಸಿವು ರಿಪೀಟ್ ಆದ್ರೆ ಸಾರೂ ಆಗುತ್ತೆ ರಾಯರೇ" ಎಂದೆ.

ಒಳಗಿನಿಂದ ಅವರ ಹೆಂಡತಿ ವತ್ಸಲಕ್ಕ ನಕ್ಕಿದ್ದು ಕೇಳಿಸಿತು. "ರೀ, ಇವ್ರನ್ನೇ ಇಟ್ಕೊಳ್ಳಿ. ನಿಮಗೆ ಎದುರು ಮಾತಾಡೋರು ಒಬ್ರು ಬೇಕು, ನನಗೆ ಸಾಕಾಗಿದೆ" ಎಂದರು. ನೇಮಕಾತಿ ಅಲ್ಲಿಗೆ ಮುಗಿಯಿತು.

ಯಾವ ದೇಶಕ್ಕೆ ಹೋಗುವುದು ಎನ್ನುವುದನ್ನು ಹೇಗೆ ತೀರ್ಮಾನಿಸಿದರು ಎಂದು ಸುಷ್ಮಾ ತಿಳಿದಿರಬೇಕು. ಚರಿತ್ರೆ ನೋಡಿ ಅಲ್ಲ, ಸಮುದ್ರ ನೋಡಿಯೂ ಅಲ್ಲ. ಗೋಡೆಗೆ ದೊಡ್ಡ ನಕ್ಷೆ ಹಾಕಿದ್ದರು. ಇಟಲಿ ಎಂದರು ಯಾರೋ. "ಊರಿಂದೂರಿಗೆ ದಿನಗಟ್ಟಲೆ ಬಸ್ಸು. ಮಧ್ಯಾಹ್ನ ಊಟ?" ಎಂದರು ರಾಯರು. ಗ್ರೀಸ್ ಎಂದರು. "ದ್ವೀಪದಿಂದ ದ್ವೀಪಕ್ಕೆ ಹಡಗು. ಊಟ?" ಕೊನೆಗೆ ಅವರ ಬೆರಳು ಸಮುದ್ರದ ನಡುವೆ ಸಾಸಿವೆ ಕಾಳಿನಷ್ಟಿದ್ದ ಒಂದು ಚುಕ್ಕೆಯ ಮೇಲೆ ನಿಂತಿತು. "ಮಾಲ್ಟಾ! ಇಂಗ್ಲಿಷ್ ಮಾತಾಡ್ತಾರೆ. ಯಾವ ಮೂಲೆಗೆ ಹೋದ್ರೂ ಒಂದು ಗಂಟೇಲಿ ಮನೆಗೆ ವಾಪಸ್. ಬೆಳಗ್ಗೆ ಸೈಟ್‌ಸೀಯಿಂಗು, ಹನ್ನೆರಡೂವರೆಗೆ ಬಿಸಿ ಊಟ!" ಎಲ್ಲರೂ ಚಪ್ಪಾಳೆ ತಟ್ಟಿದರು. ಆರು ಸಾವಿರ ಮೈಲಿ ಹಾರಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವ ಜನ ನಮ್ಮವರು. ಎಷ್ಟು ಮೆಚ್ಚಿದರೆಂದರೆ, ಆಮೇಲೆ ಬೇರೆ ದೇಶದ ಮಾತೇ ಬರಲಿಲ್ಲ. ವರ್ಷ ಬಿಟ್ಟು ವರ್ಷ ಮಾಲ್ಟಾವೇ.

ಇದರ ಅರ್ಥ ನನಗೆ ಹೊಳೆದಿದ್ದು ಅಲ್ಲಿಗೆ ಹೋದ ಮೇಲೆ. ದೇಶ ಚಿಕ್ಕದಾದಷ್ಟೂ ಅಡುಗೆಯವಳಿಗೆ ಬಿಡುವು ಚಿಕ್ಕದು. ಅವರು ಬೆಳಗ್ಗೆ ಉಪ್ಪಿಟ್ಟು ತಿಂದು ಹೊರಟು, ಒಂದು ಕೋಟೆ ನೋಡಿ, ಅದರ ಶೌಚಾಲಯಕ್ಕೆ ಅಂಕ ಕೊಟ್ಟು, ತಟ್ಟೆಯ ಮುಂದೆ ಬಂದು ಕೂರುತ್ತಿದ್ದರು. ನಾನು ಬಾಡಿಗೆ ಮನೆಯ ಅಡುಗೆಮನೆ ಬಿಟ್ಟು ಕದಲುವ ಹಾಗಿರಲಿಲ್ಲ. ಅಡುಗೆಮನೆಗೆ ಒಂದು ಕಿಟಕಿ ಇತ್ತು. ಅದರಲ್ಲಿ ಎದುರು ಮನೆಯ ಗೋಡೆ, ಗೋಡೆಯ ಪಕ್ಕದಲ್ಲಿ ಬೆರಳಗಲ ಸಮುದ್ರ ಕಾಣುತ್ತಿತ್ತು. ಬೆರಳಗಲವಾದರೂ ನೀಲಿಯಾಗಿತ್ತು. ಒಲೆಯ ಪಕ್ಕ ನನ್ನ ಅನ್ನಪೂರ್ಣೆಯ ಪುಟ್ಟ ಪಟ ಇಟ್ಟುಕೊಳ್ಳುವಷ್ಟು ಜಾಗವಿತ್ತು. ದೇವರು ಕೊಟ್ಟಿದ್ದನ್ನು ಎಣಿಸುವುದು ಅಲ್ಲಿಂದಲೇ ಶುರು.

ಮೊದಲ ಸಲದ ಎಡವಟ್ಟುಗಳನ್ನು ಹೇಳಿಬಿಡುತ್ತೇನೆ, ಸುಷ್ಮಾಗೆ ಉಪಯೋಗವಾಗಲಿ. ಮನೆಯಿಂದ ಒಂದು ಡಬ್ಬಿ ಮೊಸರನ್ನು ಹೆಪ್ಪಿಗೆಂದು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ವಿಮಾನ ನಿಲ್ದಾಣದ ತಪಾಸಣೆಯ ಹುಡುಗ ಅದನ್ನು ಎತ್ತಿ ಹಿಡಿದು ಇದೇನೆಂದ. ಮೊಸರು ಎಂದೆ. ದ್ರವ ಪದಾರ್ಥ ಎಂದ. "ಅಲ್ಲಪ್ಪ, ಗಟ್ಟಿಯಾಗಿದೆ ನೋಡು" ಎಂದು ಡಬ್ಬಿಯನ್ನು ತಲೆಕೆಳಗೆ ಮಾಡಿ ತೋರಿಸಿದೆ. ಆ ದಿನವೇ ಅದು ನೀರೊಡೆದಿರಬೇಕೆ! ಅವನ ಕೈಗವಸಿನ ಮೇಲೆಲ್ಲ ಸುರಿಯಿತು. ನನ್ನ ಹಿಂದೆ ಸಾಲಿನಲ್ಲಿದ್ದ ರಾಯರು ನನ್ನ ಪರಿಚಯವೇ ಇಲ್ಲದವರಂತೆ ಛಾವಣಿ ನೋಡಿದರು. ಮಾಲ್ಟಾದಲ್ಲಿ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಉಗುರು ಬೆಚ್ಚಗಿನ ಹಾಲಿನಲ್ಲಿ ಹಾಕಿಟ್ಟು ಮೊಸರು ಮಾಡಿದೆ. ಮೊದಲ ದಿನದ್ದು ಬರೀ ಹೆಪ್ಪಿಗಾಯಿತು, ಮಾರನೆಯ ದಿನದ್ದು ಊಟಕ್ಕಾಯಿತು. ನಡುವಿನ ಒಂದು ದಿನ ಮೊಸರಿಲ್ಲದೆ ನಮ್ಮ ಗುಂಪು ಕಳೆದದ್ದನ್ನು ನೋಡಿದರೆ, ಶತ್ರುಗಳು ಆ ದ್ವೀಪಕ್ಕೆ ಮುತ್ತಿಗೆ ಹಾಕಿದ ಕಾಲ ಮತ್ತೆ ಬಂತೋ ಎನ್ನಬೇಕು.

ಇನ್ನೊಂದು, ಒಗ್ಗರಣೆ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಛಾವಣಿಯ ಹೊಗೆ ಗಂಟೆ ಕಿರುಚಿಕೊಂಡಿತು. ಕಟ್ಟಡದ ಜನರೆಲ್ಲ ಬೀದಿಗಿಳಿದರು. ಮೇಲಿನ ಮನೆಯ ಮುದುಕಿ ಒಬ್ಬಳು ಜಪಮಾಲೆ ಹಿಡಿದುಕೊಂಡೇ ಇಳಿದು ಬಂದು, ಕೆಮ್ಮಿ ಕೆಮ್ಮಿ, ಏನು ಸುಡುತ್ತಿದೆ ಎಂದಳು. ಸುಡುತ್ತಿಲ್ಲ, ಅಡುಗೆ ಎಂದೆ. ಅವಳು ನನ್ನ ಮುಖ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ಮರುದಿನ ನಮ್ಮ ಬಾಗಿಲಲ್ಲಿ ಒಂದು ಬುಟ್ಟಿ ನಿಂಬೆಹಣ್ಣು ಇಟ್ಟು ಹೋಗಿದ್ದಳು. ಪಾಪ ಎಂದು ಕೊಟ್ಟಳೋ, ಶಾಂತಿಗೆಂದು ಕೊಟ್ಟಳೋ, ಚಿತ್ರಾನ್ನವಂತೂ ಚೆನ್ನಾಗಿ ಆಯಿತು.

ಆ ಸಲವೇ ಒಂದು ಮಧ್ಯಾಹ್ನ ವತ್ಸಲಕ್ಕ ವಲೆಟ್ಟಾದ ಮ್ಯೂಸಿಯಮ್ಮಿನಿಂದ ಬಂದು ನನ್ನ ಕೈಗೆ ಫ್ರಿಜ್ಜಿಗೆ ಅಂಟಿಸುವ ಒಂದು ಮ್ಯಾಗ್ನೆಟ್ ಇಟ್ಟರು.

"ಪದ್ಮಾ, ನಿನಗೆ ಅಂತ ತಂದೆ. ನೀನು ಬರೋಕಾಗಲ್ವಲ್ಲ."

ಮ್ಯಾಗ್ನೆಟ್ಟಿನ ಮೇಲೆ ಒಬ್ಬ ಹೆಂಗಸು. ತುಂಬಿದ ಮೈ, ಅಗಲವಾದ ಸೊಂಟ, ನೆರಿಗೆಯ ಲಂಗ. ಒಂದು ಮಗ್ಗುಲಾಗಿ, ತಲೆಯ ಕೆಳಗೆ ಕೈ ಇಟ್ಟುಕೊಂಡು ಮಲಗಿದ್ದಾಳೆ.

"ಯಾರಿದು ವತ್ಸಲಕ್ಕ?"

"ಸಾವಿರಾರು ವರ್ಷದ ಹಿಂದಿನ ಮಣ್ಣಿನ ಬೊಂಬೆಯಂತೆ. ನೆಲದೊಳಗಿನ ಗುಹೆಯಲ್ಲಿ ಸಿಕ್ಕಿದ್ದು. ಅವರ ದೇವತೆ ಇರಬೇಕು ಅಂತಾರೆ. ಯಾರಿಗೂ ಸರಿಯಾಗಿ ಗೊತ್ತಿಲ್ಲ."

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಕಡೆ. ಮಲಗಿದ ದೇವರು ನನಗೆ ಹೊಸದಲ್ಲ. ನಮ್ಮ ರಂಗನಾಥ ಆರಾಮವಾಗಿ ಮಲಗಿರುತ್ತಾನೆ, ಅಮ್ಮ ಅವನ ಪಾದದ ಬಳಿ ಎದ್ದು ಕೂತಿರುತ್ತಾಳೆ. ಮಲಗುವುದು ಅವನ ಕೆಲಸ, ಎಚ್ಚರವಾಗಿರುವುದು ಅವಳ ಕೆಲಸ ಎಂದೇ ತಿಳಿದು ದೊಡ್ಡವಳಾದೆ. ಅಮ್ಮನೇ ಮಲಗಿರುವುದನ್ನು ನಾನು ಕಂಡಿದ್ದು ಆ ಮ್ಯಾಗ್ನೆಟ್ಟಿನಲ್ಲಿ. ಅದನ್ನು ಅನ್ನಪೂರ್ಣೆಯ ಪಕ್ಕದಲ್ಲಿಟ್ಟು ರಾತ್ರಿಯ ಚಪಾತಿಗೆ ಹಿಟ್ಟು ಕಲಸಿದೆ. ಕಲಸುತ್ತಾ ಅಂದುಕೊಂಡೆ, ಈ ಕೆಲಸ ಬಿಡುವುದರೊಳಗೆ ಈ ತಾಯಿಯ ದರ್ಶನ ಒಂದು ಆಗಬೇಕು. ಬೇರೆ ಕೋಟೆ, ಅರಮನೆ ಏನೂ ಬೇಡ. ಇದೊಂದು ಸಾಕು.

ಊರಿಗೆ ಬಂದು ಮ್ಯಾಗ್ನೆಟ್ಟನ್ನು ಫ್ರಿಜ್ಜಿಗೆ ಅಂಟಿಸಿದೆ. ನನ್ನ ಮಗಳು ಅನಘಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಅಮ್ಮಾ, ಯು ವೆಂಟ್ ಆಲ್ ದ ವೇ ಟು ಮಾಲ್ಟಾ ಫಾರ್ ಎ ಮ್ಯಾಗ್ನೆಟ್?" ಎಂದಳು.

"ಮುಂದಿನ ಸಲ ನೋಡ್ತೀನಿ ಕಣೇ" ಎಂದೆ.

"ಶೂರ್" ಎಂದಳು. ಆ ಒಂದು ಮಾತಿನಲ್ಲಿ ಎಷ್ಟು ವ್ಯಂಗ್ಯ ತುಂಬಬಹುದು ಎಂದು ಇಲ್ಲಿ ಹುಟ್ಟಿದ ಮಕ್ಕಳಿಂದ ಕಲಿಯಬೇಕು.

ಮುಂದಿನ ಸಲ ನೋಡಿದೆ, ಆದರೆ ಬೇರೆಯದನ್ನು. ಮಾಲ್ಟಾದ ಪಕ್ಕದಲ್ಲಿ ಗೋಜೋ ಎಂಬ ಮರಿ ದ್ವೀಪವಿದೆ. ಅಲ್ಲಿಗೆ ಹಡಗಿನಲ್ಲಿ ಹೋಗಬೇಕಾದ್ದರಿಂದ ಆ ಒಂದು ದಿನ ಮಾತ್ರ ಬುತ್ತಿ ಊಟ. ಬುತ್ತಿಯ ಜೊತೆಗೆ ಬುತ್ತಿ ಕಟ್ಟಿದವಳಿಗೂ ಬಸ್ಸಿನಲ್ಲಿ ಜಾಗ ಸಿಕ್ಕಿತು. ಸಮುದ್ರದಲ್ಲಿ ಬಂಡೆಯೇ ಕಮಾನಾಗಿ ನಿಂತು ದೊಡ್ಡ ಕಿಟಕಿಯಂತಾಗಿದೆ, ಜಗತ್ಪ್ರಸಿದ್ಧ ಎಂದು ರಾಯರು ಮೈಕಿನಲ್ಲಿ ಹೇಳಿದರು. ಆ ಕಲ್ಲು ತನ್ನ ಭಾರವನ್ನು ಹೇಗೆ ಹೊರುತ್ತದೆ ಎಂದು ವಿಮಾನದ ರೆಕ್ಕೆಗೆ ಹೋಲಿಸಿ ವಿವರಿಸಿದರು. ನಮ್ಮ ಬಸ್ಸಿನ ಡ್ರೈವರ್ ಕಾರ್ಮೆನು ಕನ್ನಡಿಯಲ್ಲಿ ನನ್ನತ್ತ ನೋಡಿ ಹುಬ್ಬು ಹಾರಿಸಿದ. ಅವನ ಇಂಗ್ಲಿಷು ನನಗೂ, ನನ್ನ ಇಂಗ್ಲಿಷು ಅವನಿಗೂ ಮಾತ್ರ ಅರ್ಥವಾಗುವಂಥದ್ದು. ಹಾಗಾಗಿ ನಮಗೆ ಸ್ನೇಹವಾಗಿತ್ತು.

ಇಳಿದು ನೋಡಿದರೆ ಸಮುದ್ರವಿದೆ, ಆಕಾಶವಿದೆ, ನಡುವೆ ಏನೂ ಇಲ್ಲ.

"ಎಲ್ರೀ ಕಿಟಕಿ?" ಎಂದರು ವತ್ಸಲಕ್ಕ.

"ಬಿದ್ದುಹೋಯಿತು" ಎಂದ ಕಾರ್ಮೆನು. "ಬಿರುಗಾಳಿಯಲ್ಲಿ. ಎಷ್ಟೋ ವರ್ಷವಾಯಿತು."

"ನೀನು ಮೊದಲೇ ಯಾಕೆ ಹೇಳಲಿಲ್ಲ?" ಎಂದರು ರಾಯರು.

"ನೀವು ಅದು ಯಾಕೆ ಬೀಳುವುದಿಲ್ಲ ಎಂದು ಹೇಳುತ್ತಿದ್ದಿರಿ. ಮಧ್ಯೆ ಬಾಯಿ ಹಾಕುವುದು ಮರ್ಯಾದೆಯಲ್ಲ."

ಆದರೆ ನಮ್ಮವರು ಸೋಲುವ ಜನವಲ್ಲ. ಇಷ್ಟು ದೂರ ಬಂದ ಮೇಲೆ ಫೋಟೋ ಇಲ್ಲದೆ ಹೋಗುವುದುಂಟೇ? ಒಬ್ಬೊಬ್ಬರಾಗಿ ಇಲ್ಲದ ಕಿಟಕಿಗೆ ಬೆನ್ನು ಹಾಕಿ ನಿಂತರು. "ಸ್ವಲ್ಪ ಎಡಕ್ಕೆ ಬನ್ನಿ, ಕಿಟಕಿ ಮರೆಯಾಗ್ತಿದೆ" ಎಂದು ಒಬ್ಬರು ಗಂಭೀರವಾಗಿಯೇ ಹೇಳಿದರು. ನಾನು ಎಲ್ಲರಿಗೂ ಪುಳಿಯೋಗರೆ ಹಂಚಿ, ಅಲೆ ಬಡಿಯುವ ಕಲ್ಲಿನ ಮೇಲೆ ಕೂತು ಆ ಖಾಲಿ ಜಾಗವನ್ನು ಕಣ್ತುಂಬ ನೋಡಿದೆ. ಬೆರಳಗಲದ್ದಲ್ಲ, ಪೂರ್ತಿ ಸಮುದ್ರ. ಮಾಲ್ಟಾದಲ್ಲಿ ನಾನು ಕಂಡ ಮೊದಲ ಪ್ರೇಕ್ಷಣೀಯ ಸ್ಥಳ ಅಲ್ಲಿರಲೇ ಇಲ್ಲ. ಹಾಗಾದರೂ ಅಡ್ಡಿಯಿಲ್ಲದೆ ಸಮುದ್ರ ಕಂಡಿತಲ್ಲ.

ಸಂಜೆ ಧೈರ್ಯ ಮಾಡಿ ರಾಯರನ್ನು ಕೇಳಿದೆ. "ರಾಯರೇ, ವಲೆಟ್ಟಾದ ಮ್ಯೂಸಿಯಮ್ಮಿಗೆ ನಾನೂ ಬರಬಹುದಾ? ಆ ಮಲಗಿರೋ ಅಮ್ಮನ್ನ ನೋಡಬೇಕು."

"ಧಾರಾಳವಾಗಿ ಬನ್ನಿ! ನಿಮ್ಮನ್ನ ಯಾರು ಬೇಡ ಅಂದ್ರು?" ಎಂದರು. ಒಂದು ಕ್ಷಣ ಬಿಟ್ಟು, "ಊಟ?" ಎಂದರು.

ಸಾರು ಕುದಿಸಿಟ್ಟು ಒಗ್ಗರಣೆ ಒಂದು ಬಾಕಿ ಇಟ್ಟುಕೊಳ್ಳುತ್ತೇನೆ, ಅನ್ನದ ಕುಕ್ಕರಿಗೆ ಹೊತ್ತು ಹೊಂದಿಸಿಡುತ್ತೇನೆ ಎಂದೆ. ಒಪ್ಪಿದರು. ಹೊರಟ ದಿನ ದಾರಿಯಲ್ಲಿ ಒಂದು ಊರಿನ ಚರ್ಚಿನ ಮುಂದೆ ಬಸ್ಸು ನಿಂತಿತು. ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಗುಂಪಿನ ಕೈಗಡಿಯಾರಗಳಲ್ಲಿ ಅರ್ಧಕ್ಕರ್ಧ ಸಿಯಾಟಲ್ ಸಮಯದಲ್ಲೇ ಇರುತ್ತಿದ್ದವು. ಬಿಪಿ ಮಾತ್ರೆ ಸಿಯಾಟಲ್ ಹೊತ್ತಿಗೇ ನುಂಗಬೇಕು, ಮೊಮ್ಮಕ್ಕಳಿಗೆ ಸಿಯಾಟಲ್ ಹೊತ್ತಿಗೇ ಕಾಲ್ ಮಾಡಬೇಕು. ಹಾಗಾಗಿ ಯಾವ ಊರಿನಲ್ಲಿಳಿದರೂ ಒಬ್ಬಿಬ್ಬರು ತಪ್ಪಿಸಿಕೊಳ್ಳುತ್ತಿದ್ದರು. ರಾಯರು ಆ ದಿನ ಕಟ್ಟುನಿಟ್ಟಾಗಿ ಮೈಕಿನಲ್ಲಿ ಹೇಳಿದರು:

"ಯಾರೂ ನಿಮ್ಮ ವಾಚು, ಫೋನು ನೋಡಬೇಡಿ. ಚರ್ಚಿನ ಮೇಲೆ ಅಷ್ಟು ದೊಡ್ಡ ಗಡಿಯಾರ ಇದೆ. ಅದರಲ್ಲಿ ಹತ್ತೂವರೆ ಆದ ತಕ್ಷಣ ಬಸ್ ಹತ್ತಿರ. ಅದೇ ಪ್ರಮಾಣ."

ಎಲ್ಲರೂ ಚದುರಿದರು. ರಾಯರು ಹೇಳಿದ ಹೊತ್ತಿಗೆ ಸರಿಯಾಗಿ ಅರ್ಧ ಜನ ಬಂದರು. ಇನ್ನರ್ಧ ಜನ ಬರಲಿಲ್ಲ. ಎದುರಿನ ಅಂಗಡಿಯಲ್ಲಿ ಐಸ್‌ಕ್ರೀಂ ತಿನ್ನುತ್ತಾ ಕೂತಿದ್ದವರನ್ನು ಕರೆದರೆ, "ಇನ್ನೂ ಬೇಕಾದಷ್ಟು ಟೈಮ್ ಇದೆ, ನೋಡ್ರೀ ಗಡಿಯಾರ!" ಎಂದು ಅವರೇ ದಬಾಯಿಸಿದರು. ಬಂದವರು ಒಂದು ಗೋಪುರ ತೋರಿಸಿದರು, ತಿನ್ನುತ್ತಿದ್ದವರು ಇನ್ನೊಂದು ಗೋಪುರ ತೋರಿಸಿದರು. ಚರ್ಚಿಗೆ ಎರಡು ಗೋಪುರ, ಎರಡು ಗಡಿಯಾರ, ಒಂದಕ್ಕೂ ಇನ್ನೊಂದಕ್ಕೂ ಹೊಂದಿಕೆಯೇ ಇಲ್ಲ. ಎರಡೂ ಪಕ್ಷದವರು ನಿಂತು ವಾದಿಸಿದರು. ಅಷ್ಟರಲ್ಲಿ ಮೊದಲು ಬಂದವರಲ್ಲಿ ಕೆಲವರು "ಹಾಗಾದ್ರೆ ನಾವೂ ಒಂದು ಐಸ್‌ಕ್ರೀಂ ತಿಂದು ಬರ್ತೀವಿ" ಎಂದು ಹೋದರು.

ಕಾರ್ಮೆನು ಬಸ್ಸಿಗೆ ಒರಗಿ ನಿಂತಿದ್ದ. "ಒಂದು ಗಡಿಯಾರ ನಮಗೆ, ಇನ್ನೊಂದು ಸೈತಾನನಿಗೆ" ಎಂದ. "ಪೂಜೆ ಯಾವಾಗ ಎಂದು ಅವನಿಗೆ ಗೊತ್ತಾಗಬಾರದು. ತಪ್ಪು ಗಡಿಯಾರ ನೋಡಿ ತಪ್ಪು ಹೊತ್ತಿಗೆ ಬಂದು ಹಿಂದಕ್ಕೆ ಹೋಗುತ್ತಾನೆ."

ಐಸ್‌ಕ್ರೀಂ ಪಕ್ಷದವರಿಗೆ ತಾವು ಯಾರ ಗಡಿಯಾರ ನಂಬಿದ್ದೆವು ಎಂದು ತಿಳಿದು ಮುಖ ಸಣ್ಣಗಾಯಿತು. ನನಗೇನೂ ಆಶ್ಚರ್ಯವಾಗಲಿಲ್ಲ. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವವರು ನಾವು, ಇವರು ಗೋಪುರಕ್ಕೆ ಗಡಿಯಾರ ಇಟ್ಟಿದ್ದಾರೆ. ರಾಯರಿಗೆ ಮಾತ್ರ ತಡೆಯಲಾಗಲಿಲ್ಲ. "ಬೇಕಂತಲೇ ತಪ್ಪು ತೋರಿಸೋ ಇನ್‌ಸ್ಟ್ರುಮೆಂಟಾ!" ಎಂದು ಗೊಣಗುತ್ತಾ ಬಸ್ಸು ಹತ್ತಿದರು. ಎಲ್ಲರನ್ನೂ ಕೂಡಿಸಿಕೊಂಡು ಹೊರಡುವಷ್ಟರಲ್ಲಿ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ.

ಈಗ ಒಂದನ್ನು ಬಿಡಲೇಬೇಕಿತ್ತು, ಮ್ಯೂಸಿಯಂ ಅಥವಾ ಹನ್ನೆರಡೂವರೆಯ ಊಟ. ರಾಯರು ಮೈಕಿನಲ್ಲಿ ಅಭಿಪ್ರಾಯ ಕೇಳಿದರು. ಕೈ ಎತ್ತಿದವರನ್ನು ಎಣಿಸುವ ಕಷ್ಟ ಯಾರಿಗೂ ಬರಲಿಲ್ಲ. ಮ್ಯೂಸಿಯಮ್ಮಿಗೆ ನನ್ನದೊಂದೇ ಕೈ. ನಾನೇ ಮಾಡಿಟ್ಟು ಬಂದ ಸಾರು ನನ್ನನ್ನು ವಾಪಸ್ ಕರೆದುಕೊಂಡು ಬಂತು. ಒಗ್ಗರಣೆ ಹಾಕುವಾಗ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಇದ್ದದ್ದು ಒಳ್ಳೆಯದಾಯಿತು, ಯಾರೂ ಕಾರಣ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಬೆಲ್ವ್ಯೂವಿನ ಫ್ಯಾಕ್ಟೋರಿಯಾ ಬಡಾವಣೆಯ ಒಂದು ಹಾಲ್‌ನಲ್ಲಿ ಟೂರಿನ ಸ್ಲೈಡ್ ಶೋ ಇಟ್ಟುಕೊಂಡರು. ಅಲ್ಲಿಗೂ ಬಿಸಿಬೇಳೆಬಾತು ನಾನೇ ತಂದಿದ್ದೆ. ಇಲ್ಲದ ಕಿಟಕಿ ಪರದೆಯ ಮೇಲೆ ಬಂತು, ಅದರ ಮುಂದೆ ನಿಂತ ಎಲ್ಲರೂ ಬಂದರು. ನಾನೂ ಒಂದರಲ್ಲಿ ಬಂದೆ, ಹಿಂದಿನಿಂದ, ಸೌಟು ಹಿಡಿದುಕೊಂಡು. ಹೊಸದಾಗಿ ಗುಂಪಿಗೆ ಸೇರುವವರೊಬ್ಬರು ಕೇಳಿದರು, "ಹೇಗಿದೆ ಮಾಲ್ಟಾ?"

"ಫಸ್ಟ್ ಕ್ಲಾಸ್!" ಎಂದರು ಗುಂಪಿನ ಹಿರಿಯರೊಬ್ಬರು. "ಸಾರು ಥೇಟ್ ಮನೆಯಲ್ಲಿದ್ದ ಹಾಗೇ ಇತ್ತು."

ನನ್ನ ಇಡೀ ವೃತ್ತಿಯಲ್ಲಿ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದು. ಅದನ್ನು ಕೇಳಿದ ದಿನವೇ ಕೆಲಸ ಬಿಡುವ ಮನಸ್ಸಾಯಿತು. ಮನೆಗೆ ಹೋಗುವಾಗ 405 ಹೈವೇಯಲ್ಲಿ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ಡ್ರೈವ್ ಮಾಡುತ್ತಿದ್ದ ಅನಘಾಗೆ ಹೇಳಿದೆ, "ಇನ್ನೊಂದೇ ಸಲ ಹೋಗ್ತೀನಿ. ಆಮೇಲೆ ಸಾಕು. ಮೊಣಕಾಲು ಕೇಳಲ್ಲ."

"ಆಂಡ್ ದ ಸ್ಲೀಪಿಂಗ್ ಲೇಡಿ?" ಎಂದಳು. ಈ ಸಲ ವ್ಯಂಗ್ಯವಿರಲಿಲ್ಲ.

"ಅವಳಿಗೋಸ್ಕರವೇ ಇನ್ನೊಂದು ಸಲ."

ಕೊನೆಯ ಸಲ ಹೋಗುವಷ್ಟರಲ್ಲಿ ಕೆಲಸವೇ ಬದಲಾಗಿತ್ತು. ಮೊದಲೆಲ್ಲ ಇಡ್ಲಿ ಹಿಟ್ಟನ್ನು ಬಚ್ಚಲುಮನೆಯಲ್ಲಿ ಕೂದಲು ಒಣಗಿಸುವ ಯಂತ್ರದ ಶಾಖಕ್ಕೆ ಹುದುಗು ಬರಿಸುತ್ತಿದ್ದೆ, ಈಗ ಬಿಸಿನೀರು ಸುರಿದರೆ ಉಪ್ಪಿಟ್ಟಾಗುವ ಪೊಟ್ಟಣ ಬಂದಿತ್ತು. ಸುಷ್ಮಾ ಅದನ್ನೇ ಒಯ್ಯುತ್ತಾಳಂತೆ. ಒಯ್ಯಲಿ. ಆದರೆ ಪೊಟ್ಟಣ ಕತ್ತರಿಸಲು, ನೀರು ಸುರಿಯಲು, ಆಮೇಲೆ "ಮನೆಯ ರುಚಿ ಇಲ್ಲ" ಎನ್ನುವುದನ್ನು ಕೇಳಿಸಿಕೊಳ್ಳಲು ಒಬ್ಬಳು ಬೇಕೇ ಬೇಕು. ಕೆಲಸ ಹೋಗುತ್ತದೆಂಬ ಭಯ ಅವಳಿಗೆ ಬೇಡ.

ಮ್ಯೂಸಿಯಮ್ಮಿನ ದಿನ ಬಂತು. ಬೆಳಗ್ಗೆ ಸ್ನಾನ ಮಾಡಿ, ಅನ್ನಪೂರ್ಣೆಗೆ ಕೈಮುಗಿದು, ದೊಡ್ಡ ಪಾತ್ರೆಯಲ್ಲಿ ಮೊಸರನ್ನ ಕಲಸಿದೆ. ದಾಳಿಂಬೆ ಉದುರಿಸಿದೆ, ಒಗ್ಗರಣೆ ಹಾಕಿದೆ, ಮುಚ್ಚಿದೆ. ಪಕ್ಕದಲ್ಲಿ ತಟ್ಟೆ, ಚಮಚ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ಜೋಡಿಸಿಟ್ಟೆ. ಸೀರೆ ಉಟ್ಟು ಬಸ್ಸಿನ ಬಾಗಿಲಲ್ಲಿ ನಿಂತೆ.

ವತ್ಸಲಕ್ಕ ಕೇಳಿದರು, "ಇವತ್ತು ಸಾರು ಏನು ಮಾಡಿದೀಯ ಪದ್ಮಾ?"

"ಇವತ್ತು ಸಾರಿಗೆ ರಜಾ ವತ್ಸಲಕ್ಕ."

ಅವರು ನನ್ನ ಸೀರೆ ನೋಡಿದರು, ಮುಖ ನೋಡಿದರು. "ಹತ್ತು, ಹತ್ತು. ಅವರು ಕೇಳೋ ಮೊದಲು ಹತ್ತು" ಎಂದು ತಾವೇ ಹಿಂದಿನಿಂದ ದೂಡಿದರು.

ಮ್ಯೂಸಿಯಮ್ಮಿನಲ್ಲಿ ಒಂದು ಪುಟ್ಟ ಕತ್ತಲೆ ಕೋಣೆ. ಗಾಜಿನ ಪೆಟ್ಟಿಗೆ, ಅದರೊಳಗೆ ಮಾತ್ರ ಬೆಳಕು. ಗರ್ಭಗುಡಿಯೇ ಸರಿ. ಗುಂಪು ನನ್ನ ಮುಂದೆ ಹೋಗಿತ್ತು.

"ಇಷ್ಟೇನಾ?" ಎಂದರು ಹೊಸದಾಗಿ ಸೇರಿದವರೊಬ್ಬರು.

"ಫೋಟೋದಲ್ಲಿ ಆಳೆತ್ತರ ಇದ್ದ ಹಾಗಿತ್ತು. ಅಂಗೈ ಅಗಲ ಇದೆಯಲ್ರೀ" ಎಂದರು ಇನ್ನೊಬ್ಬರು.

"ನೋಡಿ, ಲೋಡ್ ಪೂರ್ತಿ ಸೊಂಟದ ಮೇಲೆ ಬರೋ ಹಾಗೆ ಮಾಡಿದಾರೆ" ಎಂದು ರಾಯರು ಶುರು ಮಾಡಿದರು. ಆದರೆ ಹೊಟ್ಟೆಗಳಿಗೆ ಹೊತ್ತಾಗಿತ್ತು. ಎಲ್ಲರೂ ಒಂದೊಂದು ಫೋಟೋ ತೆಗೆದುಕೊಂಡು, ಮ್ಯಾಗ್ನೆಟ್ ಕೊಳ್ಳಲು ಅಂಗಡಿಗೆ ನಡೆದರು. ಕೋಣೆ ಖಾಲಿಯಾಯಿತು.

ನಾನು ಹತ್ತಿರ ಹೋದೆ. ಅಂಗೈ ಅಗಲವೇ ನಿಜ. ಮಂಚದ ಮೇಲೆ ಮಗ್ಗುಲಾಗಿದ್ದಾಳೆ. ತೋಳು ತುಂಬಿಕೊಂಡಿದೆ, ಸೊಂಟ ಇಳಿದಿದೆ, ಮೈಮೇಲೆ ಅಲ್ಲಲ್ಲಿ ಕೆಮ್ಮಣ್ಣಿನ ಬಣ್ಣ, ಯಾವ ಕಾಲದಲ್ಲೋ ಯಾರೋ ಹಚ್ಚಿದ ಕುಂಕುಮದ ಹಾಗೆ ಉಳಿದಿದೆ. ಕಷ್ಟಪಟ್ಟು ಮಲಗಿದವಳಲ್ಲ, ಕಾಯಿಲೆ ಬಿದ್ದು ಮಲಗಿದವಳೂ ಅಲ್ಲ. ಕೆಲಸ ಮುಗಿಸಿ ಮಲಗಿದವಳು, ಅಥವಾ ಮುಗಿಯುವ ಕೆಲಸವಲ್ಲ ಎಂದು ತಿಳಿದು ಮಲಗಿದವಳು. ಪಾದ ಒತ್ತುವುದಕ್ಕೆ ಯಾರಾದರೂ ಕೂತಿದ್ದಾರೆಯೇ ಎಂದು ನೋಡಿದೆ. ಯಾರೂ ಇಲ್ಲ. ಲಂಗದ ಅಂಚಿನ ಕೆಳಗೆ ಪಾದವೇ ಕಾಣಿಸುವುದಿಲ್ಲ. ಅವಳಿಗೆ ಯಾರೂ ಬೇಕಾಗಿಲ್ಲ.

ದೇವರ ಮುಂದೆ ನಿಂತರೆ ಏನಾದರೊಂದು ಬೇಡುವುದು ನನ್ನ ಅಭ್ಯಾಸ. ಮಗಳಿಗೆ ಒಳ್ಳೆಯದಾಗಲಿ, ಯಜಮಾನರ ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ಹೀಗೆ. ಇಲ್ಲಿ ಬೇಡಲು ಬಾಯಿ ಬರಲಿಲ್ಲ. ಮಲಗಿದ ಹೆಂಗಸನ್ನು ಎಬ್ಬಿಸಿ ಅದು ಕೊಡು ಇದು ಕೊಡು ಎನ್ನುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಸುಮ್ಮನೆ ಕೈ ಮುಗಿದೆ. ಗೋಡೆಗೆ ಒರಗಿ ನಿಂತೆ.

ರಾಯರು ಬಾಗಿಲಲ್ಲಿ ತಲೆ ಹಾಕಿದರು. "ಪದ್ಮಾವ್ರೇ, ಬಸ್ಸು."

"ನೀವು ಹೊರಡಿ ರಾಯರೇ. ಮೊಸರನ್ನ ಟೇಬಲ್ ಮೇಲಿದೆ. ನಾನು ಊರ ಬಸ್ಸಿನಲ್ಲಿ ಬರ್ತೀನಿ."

ಅವರಿಗೆ ಅರ್ಥವಾಗಲಿಲ್ಲ. ಗಾಜಿನ ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ನಿಜವಾದ ಕಳವಳದಿಂದ ಕೇಳಿದರು, "ಮತ್ತೆ ಬಡಿಸೋರು ಯಾರು?"

"ಚಮಚ ಇಟ್ಟಿದೀನಿ" ಎಂದೆ. ಮೆಲ್ಲಗೆ ಹೇಳಿದೆ, ಅಮ್ಮ ಮಲಗಿದ್ದಳಲ್ಲ.

ಸಾಕೆನಿಸುವವರೆಗೆ ನೋಡಿದೆ. ನಾನು ಮನೆಗೆ ಬಂದಾಗ ಎಲ್ಲರೂ ಉಂಡಾಗಿತ್ತು. ತಟ್ಟೆಗಳು ಸಿಂಕಿನಲ್ಲಿದ್ದವು. ಯಾರೋ ಪುಣ್ಯಾತ್ಮರು ಅವಕ್ಕೆ ನೀರು ಬಿಟ್ಟಿದ್ದರು. ಪಾತ್ರೆಯ ತಳದಲ್ಲಿ ನನಗೆಂದು ಒಂದು ಹಿಡಿ ಮೊಸರನ್ನ ಉಳಿದಿತ್ತು. ತಿಂದೆ. ಸೌಟಿನ ಕಡೆ ನೋಡಲಿಲ್ಲ. ನನ್ನ ಕೋಣೆಗೆ ಹೋಗಿ, ಬಲಮಗ್ಗುಲಾಗಿ, ತಲೆಯ ಕೆಳಗೆ ಕೈ ಇಟ್ಟುಕೊಂಡು ಮಲಗಿದೆ. ಟೂರಿನಲ್ಲಿ ಹಗಲು ಮಲಗಿದ್ದು ಅದೇ ಮೊದಲು.

ಮೂರೂವರೆಯ ಕಾಫಿಯ ಹೊತ್ತಿಗೆ ಬಾಗಿಲು ಸಣ್ಣಗೆ ತೆರೆಯಿತು. "ಪದ್ಮಾ, ಕಾಫಿ..." ಎಂದ ವತ್ಸಲಕ್ಕನ ಧ್ವನಿ ಅಲ್ಲೇ ನಿಂತಿತು. ನಾನು ಕಣ್ಣು ತೆರೆಯಲಿಲ್ಲ.

"ರೀ, ಬನ್ನಿ ಇಲ್ಲಿ" ಎಂದು ಪಿಸುಗುಟ್ಟಿದರು.

"ಏನಾಯ್ತು? ಜ್ವರಾನಾ?" ಇದು ರಾಯರು.

"ಜ್ವರ ಅಲ್ಲ. ಮಲಗಿದಾಳೆ."

"ಯಾಕೆ?"

ವತ್ಸಲಕ್ಕ, "ಥೇಟ್ ಬೆಳಗ್ಗೆ ನೋಡಿದ ಆ ಬೊಂಬೆ ಹಾಗೇ ಇದಾಳೆ ಅಲ್ವೇನ್ರೀ?" ಎಂದರು. ಬಾಗಿಲು ಮುಚ್ಚಿತು.

ಅದಾದ ಮೇಲೆ ಅಡುಗೆಮನೆಯಿಂದ ಬಂದ ಸದ್ದುಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಇದ್ದಬದ್ದ ಕಪಾಟುಗಳೆಲ್ಲ ತೆರೆದವು, ಮುಚ್ಚಿದವು. "ಫಿಲ್ಟರ್ ಎಲ್ಲಿಡ್ತಾರೆ?" "ಪುಡಿ ಮೇಲಿನ ಭಾಗಕ್ಕಾ ಕೆಳಗಿನ ಭಾಗಕ್ಕಾ?" "ಶ್, ಮೆಲ್ಲಗೆ!" ಏನೋ ಬಿತ್ತು. ಹಾಲು ಉಕ್ಕಿದ ವಾಸನೆ ಬಂತು. ಹೊಗೆ ಗಂಟೆ ಒಂದು ಸಲ ಕೂಗಿ ಸುಮ್ಮನಾಯಿತು. ವಿಮಾನಕ್ಕೆ ರೆಕ್ಕೆ ಕೂಡಿಸಿದ ಮಹನೀಯರೆಲ್ಲ ಸೇರಿ ಒಂದು ಕಾಫಿ ಫಿಲ್ಟರನ್ನು ಕೂಡಿಸುತ್ತಿದ್ದರು. ಏಳಲೇ ಎಂದು ಒಂದು ಸಲ ಅನಿಸಿತು. ಅಮ್ಮನನ್ನು ನೆನೆದುಕೊಂಡು ಮಗ್ಗುಲು ಭದ್ರ ಮಾಡಿಕೊಂಡೆ.

ಬಾಗಿಲು ಮತ್ತೆ ತೆರೆಯಿತು. ರಾಯರು ಎರಡೂ ಕೈಯಲ್ಲಿ ಲೋಟ ಹಿಡಿದು, ತುಳುಕದಂತೆ ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ಹಿಂದೆ ವತ್ಸಲಕ್ಕ, ಅವರ ಹಿಂದೆ ಬಾಗಿಲ ತುಂಬ ಉಳಿದ ತಲೆಗಳು. ಎದ್ದು ಕೂತು ಲೋಟ ತೆಗೆದುಕೊಂಡೆ. ಒಂದು ಗುಟುಕು ಕುಡಿದೆ. ಕಾಫಿಗೆ ಪುಡಿಯ ಪರಿಚಯವಷ್ಟೇ ಆಗಿತ್ತು. ಸಕ್ಕರೆ ಮಾತ್ರ ಊರಿಗೆಲ್ಲ ಸಾಕಾಗುವಷ್ಟಿತ್ತು.

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆ ದೇಶದ ಯಾವ ಕೋಟೆಯನ್ನೂ, ಯಾವ ಗುಹೆಯನ್ನೂ ಅವರು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

"ಹೇಗಿದೆ ಪದ್ಮಾವ್ರೇ?" ಎಂದರು ರಾಯರು.

ದೇವರಾಣೆಗೂ ನಾನು ಸುಳ್ಳು ಹೇಳುವವಳಲ್ಲ.

"ಬಿಸಿಯಾಗಿದೆ ರಾಯರೇ" ಎಂದೆ. ತಳದವರೆಗೂ ಕುಡಿದೆ.